ಅಮ್ಮನ ಜೊತೆ ವಲೆಟ್ಟಾ: ಬಾವಿಗಳ ಮೇಲೆ ಕಟ್ಟಿದ ರಾಜಧಾನಿ

ವಲೆಟ್ಟಾಕ್ಕೆ ಹೋಗುವವರು ಮೊದಲು ತಿಳಿದುಕೊಳ್ಳಬೇಕಾದ್ದು ಅದರ ಅಳತೆ. ಮಾಲ್ಟಾ ದೇಶದ ರಾಜಧಾನಿ ಇದು. ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ಕಲ್ಲುಗುಡ್ಡ, ಎರಡೂ ಕಡೆ ಬಂದರು. ಉದ್ದ ಸುಮಾರು ಒಂದು ಕಿಲೋಮೀಟರ್, ಅಗಲ ಅದಕ್ಕಿಂತ ಕಡಿಮೆ. ಗೋಡೆಯ ಒಳಗೆ ವಾಸ ಮಾಡುವವರು ಆರು ಸಾವಿರ ಜನವೂ ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕಿಂತ ಚಿಕ್ಕ ರಾಜಧಾನಿ ಇನ್ನೊಂದಿಲ್ಲ. 1980ರಲ್ಲಿ ಯುನೆಸ್ಕೋ ಇಡೀ ಊರನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟು ಚಿಕ್ಕದು ಅಂತ ಬಹಳ ಜನ ಹಡಗಿನಿಂದ ಇಳಿದು ಅರ್ಧ ದಿನ ಸುತ್ತಿ ಹೊರಟುಬಿಡುತ್ತಾರೆ. ನನ್ನ ಪ್ರಕಾರ ಅದು ಸಾಲದು. ಈ ಊರಿನ ಮುಖ್ಯ ಸಂಗತಿಗಳು ರಸ್ತೆಯಲ್ಲಿ ನಿಂತರೆ ಕಾಣುವುದಿಲ್ಲ. ಅವು ನೆಲದ ಕೆಳಗಿವೆ, ಬಾಗಿಲುಗಳ ಒಳಗಿವೆ.

ನಾನು ಹೋಗಿದ್ದು ಅಮ್ಮನ ಜೊತೆ, ಅಕ್ಟೋಬರ್‌ನಲ್ಲಿ. ಬೇಸಿಗೆಯಲ್ಲಿ ಅಲ್ಲಿ ಬಿಸಿಲು ಜೋರು, ಕಲ್ಲಿನ ಬೀದಿಗಳು ಕಾದುಹೋಗುತ್ತವೆ. ಅಕ್ಟೋಬರ್‌ನಲ್ಲಿ ಹಿತವಾದ ಹವೆ, ಆಗೊಮ್ಮೆ ಈಗೊಮ್ಮೆ ಮಳೆ. ಮಾಲ್ಟಾ ಷೆಂಗೆನ್ ವಲಯದಲ್ಲಿದೆ, ಹಾಗಾಗಿ ಆ ವೀಸಾ ಬೇಕು. ಬೆಂಗಳೂರಿಂದ ನೇರ ವಿಮಾನ ಇಲ್ಲ, ದಾರಿಯಲ್ಲಿ ಒಂದು ಕಡೆ ಬದಲಾಯಿಸಬೇಕು. ಹಣ ಯೂರೋ. ಪ್ಲಗ್ ಮಾತ್ರ ಇಂಗ್ಲೆಂಡಿನಲ್ಲಿರುವಂಥ ಮೂರು ಚಪ್ಪಟೆ ಪಿನ್ನಿನದು, ಅಡಾಪ್ಟರ್ ಇಟ್ಟುಕೊಳ್ಳಿ. ವಾಹನಗಳು ನಮ್ಮಲ್ಲಿಯ ಹಾಗೇ ಎಡಗಡೆ ಓಡುತ್ತವೆ. ಎಲ್ಲಾ ಬ್ರಿಟಿಷರು ಬಿಟ್ಟುಹೋದದ್ದು.

ಅಮ್ಮನಿಗೆ ಮೊಣಕಾಲು ನೋವು. ವಲೆಟ್ಟಾ ನೋಡಿದರೆ ಮೆಟ್ಟಿಲುಗಳ ಊರು. ಹೋಗುವ ಮೊದಲು ನಕ್ಷೆ ಹರಡಿಕೊಂಡು ಕೂತಾಗ ಒಂದು ವಿಷಯ ಹೊಳೆಯಿತು. ಗುಡ್ಡದ ನೆತ್ತಿಯ ಮೇಲೆ ಒಂದೇ ನೇರ ಬೀದಿ ಇದೆ, ರಿಪಬ್ಲಿಕ್ ಸ್ಟ್ರೀಟ್. ಊರ ಬಾಗಿಲಿಂದ ತುದಿಯ ಕೋಟೆಯವರೆಗೂ ಅದು ಹೋಗುತ್ತದೆ. ಕೊನೆಯ ಭಾಗ ಬಿಟ್ಟರೆ ಹೆಚ್ಚುಕಮ್ಮಿ ಸಮತಟ್ಟು. ಅದನ್ನು ಅಡ್ಡ ಹಾಯುವ ಬೀದಿಗಳು ಮಾತ್ರ ಎರಡೂ ಕಡೆ ಸಮುದ್ರದ ಕಡೆಗೆ ಇಳಿಯುತ್ತವೆ, ಎಷ್ಟೋ ಕಡೆ ಮೆಟ್ಟಿಲಾಗಿಯೇ. ಆದ್ದರಿಂದ ನೆತ್ತಿಯ ಬೀದಿಗೆ ಹತ್ತಿರವೇ ಕೋಣೆ ಹಿಡಿದೆವು. ಪಕ್ಕದ ಊರುಗಳಲ್ಲಿ ಬಾಡಿಗೆ ಕಡಿಮೆ ಸಿಗುತ್ತದೆ ನಿಜ. ಆದರೆ ವಯಸ್ಸಾದವರ ಜೊತೆ ಹೋಗುವವರಿಗೆ ಮಧ್ಯಾಹ್ನ ಬಂದು ಕಾಲು ಚಾಚುವ ಜಾಗ ಹತ್ತಿರ ಇರಬೇಕು. ಅದಕ್ಕೆ ಜಾಸ್ತಿ ಕೊಟ್ಟ ದುಡ್ಡು ದಂಡವಾಗಲಿಲ್ಲ.

ವಿಮಾನ ನಿಲ್ದಾಣದಿಂದ ಊರ ಬಾಗಿಲವರೆಗೆ ಬಸ್ ಇದೆ. ನಮ್ಮ ಬಸ್ಸಿನ ಡ್ರೈವರ್ ಕೇರಳದವರು. ಮಾಲ್ಟಾದ ಬಸ್ಸುಗಳಲ್ಲಿ ಈಗ ಭಾರತದ ಡ್ರೈವರ್‌ಗಳು ಬಹಳ ಜನ ಇದ್ದಾರೆ. ಅಮ್ಮ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿದ್ದು ಕೇಳಿ ಅವರು ತಿರುಗಿ ನೋಡಿದರು. "ಅಮ್ಮ, ಮುಂದೆ ಕೂತ್ಕೊಳ್ಳಿ, ಇಳಿಯೋಕೆ ಸುಲಭ. ನಾನು ಎರಡು ವರ್ಷ ಬೆಂಗಳೂರಲ್ಲಿ ಇದ್ದೆ," ಅಂದರು. ಬಸ್ ನಿಂತ ಮೇಲೆ ಮೆಟ್ಟಿಲು ತಗ್ಗಾಗುವ ಹಾಗೆ ಬಸ್ಸನ್ನೇ ಸ್ವಲ್ಪ ವಾಲಿಸಿ ಇಳಿಸಿದರು. ಅಮ್ಮ ಅವರ ಮಕ್ಕಳ ಬಗ್ಗೆ ವಿಚಾರಿಸಿಯೇ ಇಳಿದಳು.

ಬಸ್ ನಿಲ್ದಾಣದ ಎದುರಿಗೇ ಟ್ರೈಟನ್ ಕಾರಂಜಿ. ಮೂರು ಕಂಚಿನ ಮೂರ್ತಿಗಳು ದೊಡ್ಡ ತಟ್ಟೆಯೊಂದನ್ನು ಎತ್ತಿ ಹಿಡಿದಿವೆ. ಅದರ ಹತ್ತಿರ ಗಾಡಿಯಲ್ಲಿ ಇಮ್‌ಆರೆಟ್ ಕರಿದು ಕೊಡುತ್ತಾರೆ. ಖರ್ಜೂರದ ಹೂರಣ ತುಂಬಿದ ತಿಂಡಿ, ಸೋಂಪಿನ ಘಮ. ಬಿಸಿಬಿಸಿಯಾಗಿ ಅಲ್ಲೇ ನಿಂತು ತಿನ್ನಬೇಕು.

ಮುಂದೆ ಸೇತುವೆ. ಅದರ ಕೆಳಗೆ ಬಂಡೆ ಕಡಿದು ಮಾಡಿದ ಆಳವಾದ ಕಂದಕ. ಬಗ್ಗಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಅದರಾಚೆ ಊರ ಬಾಗಿಲು. ಈಗಿನ ಬಾಗಿಲು ಇಟಲಿಯ ವಾಸ್ತುಶಿಲ್ಪಿ ರೆಂಜೋ ಪಿಯಾನೋ ಮಾಡಿದ್ದು. ಕದವಿಲ್ಲ, ಕಮಾನಿಲ್ಲ, ಗೋಡೆಯನ್ನು ಸೀಳಿದ ಹಾಗೆ ಒಂದು ದಾರಿ ಅಷ್ಟೆ. ಒಳಗೆ ಕಾಲಿಟ್ಟರೆ ಬಲಕ್ಕೆ ಅವರದ್ದೇ ಸಂಸತ್ ಭವನ, 2015ರಲ್ಲಿ ತೆರೆದದ್ದು. ಅದರ ಪಕ್ಕದಲ್ಲಿ ಮುರಿದ ಕಂಬಗಳ ನಡುವೆ ಒಂದು ಬಯಲು ರಂಗಮಂದಿರ. ಅಲ್ಲಿ ಮೊದಲು ರಾಯಲ್ ಆಪೆರಾ ಹೌಸ್ ಇತ್ತು. 1942ರ ಏಪ್ರಿಲ್ 7ರಂದು ಬಾಂಬ್ ಬಿದ್ದು ಹಾಳಾಯಿತು. ಅದನ್ನು ಮೊದಲಿನ ಹಾಗೇ ಕಟ್ಟಬೇಕು ಅಂತ ವಾದ ಮಾಡಿದವರು ಬಹಳ ಜನ. ಉಳಿದ ಕಂಬಗಳನ್ನು ಹಾಗೇ ಬಿಟ್ಟಿದ್ದು ಒಳ್ಳೆಯದಾಯಿತು ಅಂತ ನನಗನ್ನಿಸಿತು. ಎರಡನೇ ಮಹಾಯುದ್ಧದಲ್ಲಿ ಈ ಊರು ಪಟ್ಟ ಪಾಡು ಬಾಗಿಲಲ್ಲೇ ಗೊತ್ತಾಗುತ್ತದೆ.

ಈ ಊರು ಯಾಕೆ ಹುಟ್ಟಿತು ಅನ್ನೋದು ಗೊತ್ತಿದ್ದರೆ ನಡೆಯುವುದಕ್ಕೆ ಅರ್ಥ ಬರುತ್ತದೆ. 1565ರಲ್ಲಿ ಆಟೋಮನ್ ಸುಲ್ತಾನ ಸುಲೇಮಾನನ ದೊಡ್ಡ ಸೇನೆ ಮಾಲ್ಟಾಕ್ಕೆ ಮುತ್ತಿಗೆ ಹಾಕಿತು. ಆಗ ದ್ವೀಪ ಸೇಂಟ್ ಜಾನ್ ಪಂಥದ ನೈಟ್‌ಗಳ, ಅಂದರೆ ಕತ್ತಿ ಹಿಡಿದ ಕ್ರೈಸ್ತ ಸನ್ಯಾಸಿಗಳ, ಕೈಯಲ್ಲಿತ್ತು. ಅವರು ಇದ್ದದ್ದು ಬಂದರಿನ ಆಚೆ ದಡದ ಬಿರ್ಗು ಊರಿನಲ್ಲಿ. ಈಗಿನ ವಲೆಟ್ಟಾ ಆಗ ಬೋಳು ಗುಡ್ಡ, ತುದಿಯಲ್ಲಿ ಸೇಂಟ್ ಎಲ್ಮೋ ಅನ್ನುವ ಕೋಟೆ ಮಾತ್ರ. ಆ ಕೋಟೆ ಸುಮಾರು ಒಂದು ತಿಂಗಳು ತಡೆದು ಜೂನ್ 23ಕ್ಕೆ ಬಿತ್ತು. ಬಿರ್ಗು ಬೀಳಲಿಲ್ಲ. ಸೆಪ್ಟೆಂಬರ್ 8ಕ್ಕೆ ಮುತ್ತಿಗೆ ಮುಗಿಯಿತು.

ಶತ್ರು ಈ ಬೋಳು ಗುಡ್ಡದ ಮೇಲೆ ಫಿರಂಗಿ ಇಟ್ಟುಕೊಂಡು ಹೊಡೆದಿದ್ದ. ಮತ್ತೆ ಬಂದರೆ ಆ ಜಾಗ ಅವನಿಗೆ ಸಿಗಬಾರದು. ಹಾಗಾಗಿ ನೈಟ್‌ಗಳ ಮುಖ್ಯಸ್ಥ ಜಾನ್ ದ ವಾಲೆಟ್ ಅಲ್ಲಿಯೇ ಹೊಸ ಊರು ಕಟ್ಟಲು ಹೊರಟ. 1566ರ ಮಾರ್ಚ್ 28ಕ್ಕೆ ಮೊದಲ ಕಲ್ಲು ಇಟ್ಟರು. ಪೋಪ್ ಕಳಿಸಿದ ಇಂಜಿನಿಯರ್ ಫ್ರಾನ್ಚೆಸ್ಕೋ ಲಾಪರೆಲ್ಲಿ ನಕ್ಷೆ ಹಾಕಿದ. ಅವನ ನಂತರ ಮಾಲ್ಟಾದವನೇ ಆದ ಜಿರೋಲಮೋ ಕಸ್ಸಾರ್ ಕೆಲಸ ಮುಂದುವರಿಸಿದ. ಬೀದಿಗಳೆಲ್ಲ ನೇರ, ಒಂದಕ್ಕೊಂದು ಅಡ್ಡ. ಸಮುದ್ರದ ಗಾಳಿ ಊರೊಳಗೆ ಬರಲಿ ಅಂತ, ಸೈನಿಕರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೇಗ ಓಡಲಿ ಅಂತ. ಮನೆ ಕಟ್ಟುವವರಿಗೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಅದರಲ್ಲಿ ಒಂದು: ಪ್ರತಿ ಮನೆಯ ಕೆಳಗೂ ಮಳೆನೀರಿನ ಬಾವಿ ಇರಲೇಬೇಕು.

ಇದನ್ನು ನಾನು ಮೊದಲು ಓದಿಕೊಂಡಿದ್ದೆ. ಆದರೆ ಕಣ್ಣಾರೆ ಕಂಡದ್ದು ರಿಪಬ್ಲಿಕ್ ಸ್ಟ್ರೀಟಿನ ಕಾಸಾ ರೊಕ್ಕಾ ಪಿಕ್ಕೋಲಾ ಅನ್ನುವ ಹಳೆಯ ಮನೆಯಲ್ಲಿ. 16ನೇ ಶತಮಾನದ ಮನೆ. ಇವತ್ತಿಗೂ ಒಂದು ಹಳೆಯ ಶ್ರೀಮಂತ ಮನೆತನ ಅಲ್ಲಿ ವಾಸ ಮಾಡುತ್ತಿದೆ, ಜೊತೆಗೆ ಬಂದವರಿಗೆ ಮನೆ ತೋರಿಸುತ್ತಾರೆ. ಮೇಲಿನ ಕೋಣೆಗಳಲ್ಲಿ ಬೆಳ್ಳಿ ಸಾಮಾನು, ಕಸೂತಿ, ಹಳೇ ಚಿತ್ರಗಳು. ಚೆನ್ನಾಗಿವೆ. ಆದರೆ ನಾನು ಹೋದದ್ದು ಕೆಳಗಿನದಕ್ಕೆ.

ಬಂಡೆಯಲ್ಲಿ ಕಡಿದ ಇಕ್ಕಟ್ಟಾದ ಮೆಟ್ಟಿಲು. ಅಮ್ಮ ಗೋಡೆಗೆ ಎರಡೂ ಕೈ ಊರಿ ಒಂದೊಂದೇ ಮೆಟ್ಟಿಲು ಇಳಿದಳು. ಬೇಡ ಅಂದರೂ ಕೇಳಲಿಲ್ಲ. ತಲೆ ಬಗ್ಗಿಸಿ ಒಂದು ಸುರಂಗ ದಾಟಿದರೆ ಬಾವಿಯ ತಳಕ್ಕೇ ಬಂದು ನಿಲ್ಲುತ್ತೇವೆ. ಮೇಲೆ ಬಾಯಿ ಚಿಕ್ಕದು, ಕೆಳಗೆ ಬರುತ್ತಾ ಅಗಲ, ಗಂಟೆಯ ಆಕಾರ. ಮೇಲೆ ಕಟ್ಟಡಕ್ಕೆ ಕಲ್ಲು ಬೇಕು, ಕೆಳಗೆ ನೀರಿಗೆ ಜಾಗ ಬೇಕು. ಮನೆಯ ಜಾಗದಲ್ಲೇ ಕಲ್ಲು ತೆಗೆದರೆ ಎರಡೂ ಆಯಿತು. ಮಾಲ್ಟಾದ ಸುಣ್ಣಕಲ್ಲು ಮೆದು, ಜೇನಿನ ಬಣ್ಣ. ಗೋಡೆಯ ಮೇಲೆ ಗುದ್ದಲಿಯ ಏಟುಗಳು ಓರೆಯಾಗಿ ಸಾಲಾಗಿ ಹಾಗೇ ಇವೆ. ಅಮ್ಮ ಅದರ ಮೇಲೆ ಬೆರಳಾಡಿಸಿ ನೋಡಿದಳು.

ಎರಡನೇ ಮಹಾಯುದ್ಧದಲ್ಲಿ ಇದೇ ಬಾವಿಯ ನೀರು ಖಾಲಿ ಮಾಡಿ ಜನ ಅಡಗಿ ಕೂತರು. ನೂರಕ್ಕೂ ಹೆಚ್ಚು ಜನ ಹಿಡಿಯುವ ಆಶ್ರಯ. ನೆಲ ಇನ್ನೂ ತಂಪು. ಮೇಲೆ ವಿಮಾನ ಬಂದಾಗ ಮಕ್ಕಳು ಮರಿ ಸಮೇತ ಇಲ್ಲಿ ಗಂಟೆಗಟ್ಟಲೆ ಕೂತಿರುತ್ತಿದ್ದರು ಅಂತ ನೆನೆದರೆ ಮಾತು ಬರುವುದಿಲ್ಲ.

ಅಮ್ಮ ಚಿತ್ರದುರ್ಗದವಳು. ಕೋಟೆಯ ಕೆಳಗೇ ಹುಟ್ಟಿ ಬೆಳೆದವಳು. "ನಮ್ಮ ಕೋಟೇಲೂ ಹಿಂಗೇ ಕಣೇ," ಅಂದಳು. "ಏಳು ಸುತ್ತು ಗೋಡೆ ನೋಡಿ ಎಲ್ಲರೂ ಹೊಗಳ್ತಾರೆ. ಅಕ್ಕತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ಇಲ್ಲದಿದ್ದರೆ ಆ ಗೋಡೆ ಎಷ್ಟು ದಿನ ನಿಲ್ತಿತ್ತು?" ಮೇಲೆ ಬಂದ ಮೇಲೂ ಅವಳಿಗೆ ಅದೇ ಮಾತು.

ಮಾಲ್ಟಾದಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್, ಅದೂ ಹೆಚ್ಚಾಗಿ ಚಳಿಗಾಲದಲ್ಲಿ. ಊರು ಬೆಳೆದ ಹಾಗೆ ಬಾವಿಗಳು ಸಾಕಾಗಲಿಲ್ಲ. ಆಗ ನೈಟ್‌ಗಳ ಮುಖ್ಯಸ್ಥನಾಗಿದ್ದ ಅಲೋಫ್ ದ ವಿನ್ಯಾಕೂರ್ ದೂರದ ಎತ್ತರದ ಊರುಗಳ ಕಡೆಯ ಊಟೆಗಳಿಂದ ಸುಮಾರು 15 ಕಿಲೋಮೀಟರ್ ಕಾಲುವೆ ಕಟ್ಟಿಸಿದ. 1615ರಲ್ಲಿ ನೀರು ವಲೆಟ್ಟಾದಲ್ಲಿ ಮುಖ್ಯಸ್ಥನ ಅರಮನೆಯ ಮುಂದಿನ ಚೌಕಕ್ಕೆ ಬಂತು. ತಗ್ಗು ಇರುವ ಕಡೆ ಕಮಾನುಗಳ ಮೇಲೆ ಕಾಲುವೆ ಸಾಗಿಸಿದ್ದಾರೆ. ಹಳೆಯ ರಾಜಧಾನಿ ಮ್‌ದೀನಾ ಕಡೆಗೆ ಬಸ್ಸಲ್ಲಿ ಹೋದರೆ ರಸ್ತೆ ಪಕ್ಕದಲ್ಲೇ ಆ ಕಮಾನುಗಳ ಸಾಲು ಕಾಣುತ್ತದೆ. ಇವತ್ತು ಅಲ್ಲಿನ ಕುಡಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದ್ರದ ನೀರಿನ ಉಪ್ಪು ತೆಗೆದು ಮಾಡಿದ್ದು.

ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ನೈಟ್‌ಗಳ ದೊಡ್ಡ ಚರ್ಚ್ ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್‌ಗೆ ಹೋದೆವು. ಹಡಗಿನ ಪ್ರವಾಸಿಗಳು ಬರುವ ಮೊದಲು ಹೋಗುವುದು ಲೇಸು. ನಾವು ಹೋದಾಗ ಟಿಕೆಟ್ 15 ಯೂರೋ ಇತ್ತು, ಕಿವಿಗೆ ಇಟ್ಟುಕೊಂಡು ಕೇಳುವ ವಿವರಣೆ ಅದರಲ್ಲೇ ಸೇರಿದೆ. ಭಾನುವಾರ ಪ್ರಾರ್ಥನೆಗೆ ಮಾತ್ರ. ಚೂಪು ಹಿಮ್ಮಡಿಯ ಚಪ್ಪಲಿ ಹಾಕಿಕೊಂಡರೆ ಒಳಗೆ ಬಿಡುವುದಿಲ್ಲ, ನೆಲದ ಅಮೃತಶಿಲೆ ಹಾಳಾಗುತ್ತೆ ಅಂತ.

ಹೊರಗಿನಿಂದ ಅದು ಸರಳ ಕಟ್ಟಡ, ಕಸ್ಸಾರ್ ಕಟ್ಟಿದ್ದು, 1570ರ ದಶಕದ್ದು. ಒಳಗೆ ಕಾಲಿಟ್ಟರೆ ಕಣ್ಣು ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದಿಲ್ಲ. ಗೋಡೆಯ ಕಲ್ಲನ್ನೇ ಬಳ್ಳಿಯಾಗಿ, ಹೂವಾಗಿ ಕೆತ್ತಿ ಚಿನ್ನ ಬಳಿದಿದ್ದಾರೆ. ಮೇಲಿನ ಕಮಾನು ಚಾವಣಿಗೆ 1660ರ ದಶಕದಲ್ಲಿ ಮತ್ತಿಯಾ ಪ್ರೇತಿ ನೇರವಾಗಿ ಕಲ್ಲಿನ ಮೇಲೆ ತೈಲವರ್ಣದಲ್ಲಿ ಚಿತ್ರ ಬರೆದ. ನೆಲದಲ್ಲಿ ಸುಮಾರು 400 ನೈಟ್‌ಗಳ ಸಮಾಧಿ ಫಲಕಗಳು. ಬಣ್ಣಬಣ್ಣದ ಅಮೃತಶಿಲೆ ಕೂರಿಸಿ ಮಾಡಿದ ಅಸ್ಥಿಪಂಜರ, ಮರಳು ಗಡಿಯಾರ, ಕತ್ತಿ, ಕಿರೀಟ. ಅಮ್ಮ ಚಪ್ಪಲಿ ಕಾಲಿಂದ ಸಮಾಧಿ ತುಳಿಯಲು ಹಿಂಜರಿದು ಬದಿಬದಿಯಲ್ಲೇ ನಡೆದಳು.

ಒಂದು ಪಕ್ಕದ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೋ 1608ರಲ್ಲಿ ಬರೆದ, ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸಂತ ಜಾನನ ಶಿರಚ್ಛೇದದ ಚಿತ್ರ ಇದೆ. ಅಗಲ 5 ಮೀಟರಿಗಿಂತ ಹೆಚ್ಚು, ಎತ್ತರ ಮೂರೂವರೆ ಮೀಟರಿಗೂ ಮೇಲೆ. ಬೇರೆ ಎಲ್ಲಾ ಬಿಟ್ಟರೂ ಇದರ ಮುಂದೆ ಕೂರಲು ಸಮಯ ಇಟ್ಟುಕೊಳ್ಳಿ.

ಜೈಲಿನ ಅಂಗಳ. ಜಾನ್ ನೆಲಕ್ಕೆ ಬಿದ್ದಿದ್ದಾನೆ. ಕತ್ತಿಯ ಏಟು ಬಿದ್ದಾಗಿದೆ, ಆದರೆ ತಲೆ ಇನ್ನೂ ಬೇರೆಯಾಗಿಲ್ಲ. ಕಟುಕ ಬಗ್ಗಿ ಕೂದಲು ಹಿಡಿದಿದ್ದಾನೆ, ಇನ್ನೊಂದು ಕೈ ಬೆನ್ನ ಹಿಂದಿನ ಚಾಕುವಿಗೆ ಹೋಗಿದೆ. ಕಾವಲಿನ ಅಧಿಕಾರಿ ತಟ್ಟೆಯ ಕಡೆ ಬೆರಳು ತೋರಿಸುತ್ತಿದ್ದಾನೆ. ತಟ್ಟೆ ಹಿಡಿದ ಹುಡುಗಿ ಬಗ್ಗಿ ನಿಂತಿದ್ದಾಳೆ. ಮುದುಕಿಯೊಬ್ಬಳು ಎರಡೂ ಕೈ ತಲೆಗೆ ಹಿಡಿದುಕೊಂಡಿದ್ದಾಳೆ. ಅಲ್ಲಿ ಸಂಕಟ ಪಡುತ್ತಿರುವವಳು ಅವಳೊಬ್ಬಳೇ. ಬಲಗಡೆ ಕಂಬಿಯ ಹಿಂದಿನಿಂದ ಇಬ್ಬರು ಕೈದಿಗಳು ಕತ್ತು ಚಾಚಿ ನೋಡುತ್ತಿದ್ದಾರೆ. ಚಿತ್ರದ ಅರ್ಧಭಾಗ ಬರೀ ಖಾಲಿ ಗೋಡೆ, ಕತ್ತಲೆ. ಆ ಖಾಲಿ ಜಾಗದಿಂದಲೇ ಉಸಿರು ಕಟ್ಟಿದಂತಾಗುತ್ತದೆ. ಕುತ್ತಿಗೆಯಿಂದ ಹರಿದ ರಕ್ತದಲ್ಲಿ ಕಲಾವಿದ ತನ್ನ ಹೆಸರು ಬರೆದಿದ್ದಾನೆ. ಅವನು ಸಹಿ ಮಾಡಿದ ಚಿತ್ರ ಇದೊಂದೇ.

ರೋಮಿನಲ್ಲಿ 1606ರಲ್ಲಿ ಒಬ್ಬನನ್ನು ಕೊಂದು ಓಡಿಬಂದವನು ಅವನು. ಮಾಲ್ಟಾದಲ್ಲಿ ಅವನನ್ನು ನೈಟ್ ಮಾಡಿದರು. ಕೆಲವೇ ತಿಂಗಳಲ್ಲಿ ಮತ್ತೆ ಹೊಡೆದಾಟ, ಸೆರೆಮನೆ, ಅಲ್ಲಿಂದಲೂ ಪರಾರಿ. 1608ರ ಡಿಸೆಂಬರ್ 1ರಂದು ಪಂಥದಿಂದ ಅವನನ್ನು ಹೊರಹಾಕಿದ ಸಭೆ ನಡೆದದ್ದು ಇದೇ ಕೋಣೆಯಲ್ಲಿ, ಇದೇ ಚಿತ್ರದ ಎದುರು. ಅಮ್ಮ ಬಹಳ ಹೊತ್ತು ಆ ಮುದುಕಿಯನ್ನೇ ನೋಡುತ್ತಿದ್ದಳು. ನಾವು ಬೆಂಚಿನಿಂದ ಏಳುವಾಗ ಜನ ತುಂಬಿದ್ದರು.

ಅರಮನೆ, ಅದರ ಆಯುಧಶಾಲೆ ನೋಡಿದೆವು. ಕವಚ, ಕತ್ತಿಗಳಲ್ಲಿ ಆಸಕ್ತಿ ಇದ್ದವರಿಗೆ ಒಳ್ಳೆಯದು. ಪುರಾತತ್ವ ವಸ್ತು ಸಂಗ್ರಹಾಲಯವನ್ನು ಮಾತ್ರ ಬಿಡಬೇಡಿ. ಮಲಗಿರುವ ಹೆಂಗಸಿನ ಒಂದು ಮಣ್ಣಿನ ಗೊಂಬೆ ಅಲ್ಲಿದೆ, ಬರೀ 12 ಸೆಂಟಿಮೀಟರ್. ಸುಮಾರು 5000 ವರ್ಷ ಹಳೆಯದು. ಕೈ ತಲೆದಿಂಬಾಗಿ ಇಟ್ಟುಕೊಂಡು ಬಲಮಗ್ಗುಲಿಗೆ ಮಲಗಿದ್ದಾಳೆ. ಊರೆಲ್ಲ ಸುತ್ತಿ ದಣಿದವರು ನೋಡಿದರೆ ಅವಳ ನಿದ್ದೆ ಕಂಡು ಆಸೆಯಾಗುತ್ತದೆ.

ಸಸ್ಯಾಹಾರಿಗಳಿಗೆ ಇಲ್ಲಿ ತೊಂದರೆಯಿಲ್ಲ. ಪಸ್ತೀತ್ಸಿ ಅಂತ ಪದರ ಪದರವಾದ ತಿಂಡಿ, ಒಳಗೆ ರಿಕೊಟಾ ಚೀಸ್ ಅಥವಾ ಬಟಾಣಿ. ಬಟಾಣಿಯದಕ್ಕೆ ಎಷ್ಟೋ ಕಡೆ ಕರಿ ಪೌಡರ್ ಹಾಕುತ್ತಾರೆ, ನಮ್ಮ ನಾಲಿಗೆಗೆ ಹಿಡಿಸುತ್ತದೆ. ಕೆಲವರು ಹಿಟ್ಟಿಗೆ ಹಂದಿ ಕೊಬ್ಬು ಬಳಸುವುದುಂಟು, ಕೇಳಿ ತಗೊಳ್ಳಿ. ಗಾಜಿನ ಲೋಟದಲ್ಲಿ ಹಾಲು ಹಾಕಿದ ಚಹಾ ಸಿಗುತ್ತದೆ. ಅಮ್ಮ ಅದು ಸಿಕ್ಕಿದ ಮೇಲೆಯೇ ಊರು ಚೆನ್ನಾಗಿದೆ ಅಂದದ್ದು.

ಗುಡ್ಡದ ತುದಿಯ ಕಡೆ ನೈಟ್‌ಗಳ ಆಸ್ಪತ್ರೆಯಿದೆ, ಈಗ ಸಮ್ಮೇಳನ ಭವನ. ಅದರ ದೊಡ್ಡ ವಾರ್ಡಿನ ಉದ್ದ 155 ಮೀಟರ್. ರೋಗಿಗಳಿಗೆ ಬೆಳ್ಳಿ ತಟ್ಟೆಯಲ್ಲಿ ಊಟ ಕೊಡುತ್ತಿದ್ದರು, ಶುಚಿ ಅಂತ. ಇದನ್ನು ಎಲ್ಲರೂ ಹೇಳುತ್ತಾರೆ. ಇದೇ ನೈಟ್‌ಗಳು ಸಮುದ್ರದಲ್ಲಿ ಹಿಡಿದು ತಂದ ಮುಸ್ಲಿಮರನ್ನು ಗುಲಾಮರಾಗಿ ಹಡಗಿನ ಹುಟ್ಟಿಗೆ ಕಟ್ಟಿದರು, ಕೋಟೆ ಕೆಲಸಕ್ಕೆ ಹಚ್ಚಿದರು. ಇದನ್ನು ಹೇಳುವವರು ಕಡಿಮೆ. ಎರಡನ್ನೂ ತಿಳಿದೇ ಆ ಗೋಡೆಗಳನ್ನು ನೋಡಬೇಕು.

ಅಪ್ಪರ್ ಬರಾಕ್ಕಾ ಉದ್ಯಾನಕ್ಕೆ ಮಧ್ಯಾಹ್ನ 12ಕ್ಕೆ ಸ್ವಲ್ಪ ಮೊದಲೇ ಹೋಗಿ ಕಟಕಟೆ ಹಿಡಿಯಿರಿ. ಕೆಳಗಿನ ಕಟ್ಟೆಯಿಂದ ಸರಿಯಾಗಿ 12ಕ್ಕೆ ಫಿರಂಗಿ ಹಾರಿಸುತ್ತಾರೆ, ಸಂಜೆ 4ಕ್ಕೆ ಇನ್ನೊಮ್ಮೆ. ಹಿಂದೆ ಹಡಗಿನವರು ಇದನ್ನು ಕೇಳಿ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದರು. ಅಲ್ಲಿಂದ ಇಡೀ ಗ್ರ್ಯಾಂಡ್ ಹಾರ್ಬರ್ ಕಾಣುತ್ತದೆ. 1942ರ ಆಗಸ್ಟ್ 15ರಂದು ಒಹಾಯೋ ಅನ್ನುವ ತೈಲ ಹಡಗು ಇದೇ ನೀರಿನ ಮೇಲೆ ಬಂತು. ಜರ್ಮನಿ, ಇಟಲಿಯ ದಾಳಿಗೆ ಸಿಕ್ಕಿದ್ದ ದ್ವೀಪದಲ್ಲಿ ಊಟ, ಇಂಧನ ಮುಗಿಯುತ್ತಾ ಬಂದಿತ್ತು. ಹೊರಟ 14 ಸರಕು ಹಡಗುಗಳಲ್ಲಿ ತಲುಪಿದ್ದು 5. ಒಹಾಯೋ ಮುಳುಗದ ಹಾಗೆ ಎರಡು ಯುದ್ಧನೌಕೆಗಳು ಅಕ್ಕಪಕ್ಕ ಕಟ್ಟಿಕೊಂಡು ಎಳೆದು ತಂದವು. ಜನ ಈ ಗೋಡೆಗಳ ಮೇಲೆ ನಿಂತು ಕೂಗಿದರು.

1878ರಲ್ಲಿ ಇದೇ ಬಂದರಿಗೆ ಸುಮಾರು 7000 ಭಾರತೀಯ ಸೈನಿಕರು ಬಂದಿಳಿದಿದ್ದರು. ರಷ್ಯಾಕ್ಕೆ ಎಚ್ಚರಿಕೆ ಕೊಡಲು ಬ್ರಿಟಿಷ್ ಸರ್ಕಾರ ಅವರನ್ನು ಸೂಯೆಜ್ ಕಾಲುವೆ ದಾರಿಯಲ್ಲಿ ಕರೆಸಿತ್ತು. ಅವರು ಇಲ್ಲಿ ಡೇರೆ ಹಾಕಿದ್ದರು ಅನ್ನೋದು ಅಲ್ಲಿಗೆ ಬರುವ ನಮ್ಮವರಿಗೆ ಹೆಚ್ಚಾಗಿ ತಿಳಿದಿರುವುದಿಲ್ಲ.

ಉದ್ಯಾನದ ಮೂಲೆಯಲ್ಲೇ 58 ಮೀಟರ್ ಎತ್ತರದ ಲಿಫ್ಟ್ ಇದೆ, 2012ರದ್ದು. ಅಮ್ಮನಿಗೆ ಈ ಊರಲ್ಲಿ ಅತಿ ಉಪಕಾರವಾದದ್ದು ಇದೇ. ಅದರಲ್ಲಿ ಇಳಿದರೆ ನೇರ ನೀರಿನ ಬುಡಕ್ಕೆ. ಅಲ್ಲಿಂದ ಆಚೆ ದಡಕ್ಕೆ ಫೆರ್ರಿ ಉಂಟು. ಬಣ್ಣದ ಸಣ್ಣ ಮರದ ದೋಣಿಗಳೂ ಉಂಟು, ನಾವು ಹೋದಾಗ ಒಬ್ಬರಿಗೆ 2 ಯೂರೋ. ನಾವು ದೋಣಿ ಹತ್ತಿದೆವು. ದೋಣಿಯವರು ಅಮ್ಮನ ಮೊಣಕೈ ಹಿಡಿದು ನಡುವಿನ ಹಲಗೆಯ ಮೇಲೆ ಕೂರಿಸಿ, ಅವಳು ಸೆರಗು ಸರಿ ಮಾಡಿಕೊಳ್ಳುವವರೆಗೂ ಹೊರಡಲಿಲ್ಲ.

ಬಿರ್ಗುವಿನಲ್ಲಿ ಅಮ್ಮ ಚೌಕದ ಹೋಟೆಲಿನಲ್ಲಿ ಕೂತಳು. ನಾನು ಸೇಂಟ್ ಆಂಜೆಲೋ ಕೋಟೆ ಹತ್ತಿದೆ. ಮುತ್ತಿಗೆಯ ಕಾಲದಲ್ಲಿ ದ ವಾಲೆಟ್ ಇದ್ದದ್ದು ಇಲ್ಲಿ. ಕಾರವಾಜ್ಜೋನನ್ನು ಕೂಡಿ ಹಾಕಿದ್ದೂ ಇಲ್ಲೇ. ಆ ನೈಟ್‌ಗಳ ಪಂಥ ಇವತ್ತಿಗೂ ಇದೆ, ಕೇಂದ್ರ ರೋಮಿನಲ್ಲಿ. ಕೋಟೆಯ ಮೇಲಿನ ಭಾಗವನ್ನು ಮಾಲ್ಟಾ ಸರ್ಕಾರ ಅವರಿಗೆ ಬಿಟ್ಟುಕೊಟ್ಟಿದೆ. ಎದುರಿಗೆ, ನೀರಿನಾಚೆ, ಸೇಂಟ್ ಎಲ್ಮೋ. ಅಲ್ಲಿ ತಮ್ಮವರು ಸಾಯುತ್ತಿರುವುದನ್ನು ಇಲ್ಲಿನವರು ಸುಮಾರು ಒಂದು ತಿಂಗಳು ಕಣ್ಣಿಂದ ನೋಡಿದ್ದಾರೆ, ರಾತ್ರಿ ಹೊತ್ತು ದೋಣಿಯಲ್ಲಿ ಜನ ಕಳಿಸಿದ್ದಾರೆ. ಹೊಸ ಊರನ್ನು ಆ ಗುಡ್ಡದ ಮೇಲೇ ಯಾಕೆ ಕಟ್ಟಿದರು ಅನ್ನೋದಕ್ಕೆ ಇಲ್ಲಿಗಿಂತ ಒಳ್ಳೆಯ ಉತ್ತರ ಬೇರೆಲ್ಲೂ ಸಿಗುವುದಿಲ್ಲ.

ಬೆಳಗಿನ ಬಿಸಿಲು ವಲೆಟ್ಟಾದ ಈ ಮುಖಕ್ಕೆ ನೇರ ಬೀಳುತ್ತದೆ, ಫೋಟೋ ಬೇಕಾದವರು ಆಗಲೇ ಬನ್ನಿ. ಗಾಳಿ ಜೋರಾದರೆ ದೋಣಿ ಬಿಡುವುದಿಲ್ಲ, ಬಸ್ಸಲ್ಲಿ ಬಂದರನ್ನೇ ಸುತ್ತಿ ಬರಬೇಕು. ಆದ್ದರಿಂದ ಬಿರ್ಗುವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.